ಸಿಎಸ್‌ಕೆಎ ಮಾಸ್ಕೋ: ಸತತ 13 ಲೀಗ್ ಪ್ರಶಸ್ತಿ ಹೇಗೆ ಬಂತು, ಆಮೇಲೆ ಕುಸಿದದ್ದು ಯಾಕೆ?

ಪಕ್_ಪುರಾಣ:

ಬಾಂಬೆ ಸತತ 15 ವರ್ಷ ರಣಜಿ ಗೆದ್ದಿದ್ದು, 1973-74ರಲ್ಲಿ ಕರ್ನಾಟಕ ಆ ಓಟ ನಿಲ್ಲಿಸಿದ್ದು ನಮಗೆಲ್ಲ ಬಾಯಿಪಾಠ. ಐಸ್ ಹಾಕಿಯಲ್ಲಿ ಹೆಚ್ಚುಕಡಿಮೆ ಅಂಥದ್ದೇ ಓಟ ಸಿಎಸ್‌ಕೆಎ ಮಾಸ್ಕೋದ್ದು: 1977ರಿಂದ 1989ರವರೆಗೆ ಸೋವಿಯತ್ ಲೀಗ್ ಬೇರೆ ಯಾರ ಕೈಗೂ ಹೋಗಲಿಲ್ಲ. ಅದೂ ತಿಂಗಳುಗಟ್ಟಲೆ ನಡೆಯುವ ಲೀಗ್‌ನಲ್ಲಿ.

ತಿಳಿದವರು ಬಿಡಿಸಿ ಹೇಳಿ. ಒಳ್ಳೆಯ ಆಟಗಾರರನ್ನೆಲ್ಲ ಒಂದೇ ಕಡೆ ಸೇರಿಸಿದ್ದಷ್ಟೇ ಕಾರಣವಾದರೆ ಮಾಸ್ಕೋದ ಇತರ ಕ್ಲಬ್‌ಗಳಾದ ಸ್ಪಾರ್ಟಕ್, ಡೈನಮೊ ಸುಮ್ಮನೆ ನೋಡುತ್ತ ಕೂತಿದ್ದು ಯಾಕೆ? ಮಂಜಿನ ಮೇಲೆ ಇವರು ಬೇರೆಯದೇನಾದರೂ ಆಡುತ್ತಿದ್ದರೇ? ಇನ್ನೊಂದು: ಒಂದು ಕಡೆ 32 ಪ್ರಶಸ್ತಿ ಅಂತಿದೆ, ಇನ್ನೊಂದು ಕಡೆ 37, ಮತ್ತೊಂದು ಕಡೆ ಬರೀ 3. ಯಾವುದು ಸರಿ? 1989ರ ನಂತರ ಇಷ್ಟು ದೊಡ್ಡ ಕ್ಲಬ್ 30 ವರ್ಷ ಲೀಗ್ ಟ್ರೋಫಿ ಇಲ್ಲದೆ ಇದ್ದದ್ದು ಹೇಗೆ ಅನ್ನುವುದೂ ತಲೆಗೆ ಹೋಗುತ್ತಿಲ್ಲ.

ಚಳಿಗಾಲದ_ಲೀಗ್:

ಹೌದು, ಆಟಗಾರರನ್ನು ಒಟ್ಟುಹಾಕಿದ್ದೇ ದೊಡ್ಡ ಕಾರಣ. ಬೇರೆಯವರಿಗೆ ಅದು ಸಾಧ್ಯವಾಗಲಿಲ್ಲ, ಏಕೆಂದರೆ ಅವರ ಕೈಯಲ್ಲಿ ಸೇನೆಯ ಕರೆಪತ್ರ ಇರಲಿಲ್ಲ.

ಸಿಎಸ್‌ಕೆಎ ಅಂದರೆ ಸೇನೆಯ ಕೇಂದ್ರ ಕ್ರೀಡಾ ಕ್ಲಬ್. ಸೋವಿಯತ್ ಹುಡುಗನಿಗೆ 18 ತುಂಬಿದರೆ ಕಡ್ಡಾಯ ಸೈನಿಕ ಸೇವೆ, 1967ರ ಕಾನೂನಿನ ನಂತರ ಅದು ಎರಡು ವರ್ಷ. ಚೆಲ್ಯಾಬಿನ್ಸ್ಕ್‌ನಲ್ಲೋ ವೊಸ್ಕ್ರೆಸೆನ್ಸ್ಕ್‌ನಲ್ಲೋ ಒಬ್ಬ ಹುಡುಗ ಎರಡು ಸೀಸನ್ ಚೆನ್ನಾಗಿ ಆಡಿದ ಅಂದರೆ ಅವನ ಹೆಸರು ಮಾಸ್ಕೋಗೆ ಹೋಗುತ್ತಿತ್ತು, ಹಿಂದೆಯೇ ಕರೆ ಬರುತ್ತಿತ್ತು. ಅವನ ಮುಂದಿದ್ದದ್ದು ಎರಡು ದಾರಿ: ಸಿಎಸ್‌ಕೆಎ ಜೆರ್ಸಿ, ಇಲ್ಲವೇ ಯಾವುದೋ ದೂರದ ತುಕಡಿಯಲ್ಲಿ ಬೂಟು. ಹಳೇ ಕ್ಲಬ್‌ಗೆ ವರ್ಗಾವಣೆ ಶುಲ್ಕ ಅಂತ ಒಂದು ಕಾಸೂ ಇಲ್ಲ. ಸೇವೆ ಮುಗಿಯುವ ಹೊತ್ತಿಗೆ ಅಧಿಕಾರಿಯ ಹುದ್ದೆ ಕೊಡುತ್ತಿದ್ದರು. ಅದಕ್ಕೆ ಸಹಿ ಹಾಕಿದ ಮೇಲೆ ಕ್ಲಬ್ ಬಿಡುವುದು ಅಂದರೆ ಸೇನೆ ಬಿಡುವುದು. ಇದೇ ಬೀಗ 1989ರಲ್ಲಿ ತಲೆನೋವಾಯಿತು.

ಹೀಗೆ ಬಂದವರನ್ನು ನೋಡಿ. ಸೆರ್ಗೇಯ್ ಮಕರೊವ್ 1978ರಲ್ಲಿ ಟ್ರಾಕ್ಟರ್ ಚೆಲ್ಯಾಬಿನ್ಸ್ಕ್‌ನಿಂದ. ಅದೇ ವರ್ಷ ಅಲೆಕ್ಸೇಯ್ ಕಸತೊನೊವ್ ಲೆನಿನ್‌ಗ್ರಾಡ್‌ನ ಎಸ್‌ಕೆಎಯಿಂದ. ಇಗೊರ್ ಲರಿಯೊನೊವ್ 1981ರಲ್ಲಿ ಖಿಮಿಕ್ ವೊಸ್ಕ್ರೆಸೆನ್ಸ್ಕ್‌ನಿಂದ. ಲೆನಿನ್‌ಗ್ರಾಡ್, ಕಲಿನಿನ್, ಖಬರೊವ್ಸ್ಕ್‌ನಂಥ ಊರುಗಳಲ್ಲಿ ಸೇನಾ ಜಿಲ್ಲೆಗಳಿಗೂ ತಮ್ಮ ತಂಡಗಳಿದ್ದವು, ಅವು ಪ್ರಾಯೋಗಿಕವಾಗಿ ಮೀಸಲು ಉಗ್ರಾಣ. ಉಗ್ರಾಣ ಎರಡೂ ಕಡೆ ತೆರೆದಿತ್ತು: ವಲೇರಿ ಖರ್ಲಾಮೊವ್ ಸಿಎಸ್‌ಕೆಎ ಶಾಲೆಯವನೇ, ಆದರೆ ಆಳು ಚಿಕ್ಕವನು ಅಂತ ಕೋಚ್ ಅನತೊಲಿ ತಾರಾಸೊವ್ 1967ರಲ್ಲಿ ಅವನನ್ನು ಉರಲ್ ಕಡೆಯ ಚೆಬರ್ಕುಲ್‌ನ ಸೇನಾ ತಂಡಕ್ಕೆ ಅಟ್ಟಿದ. ಅಲ್ಲಿ ಗೋಲುಗಳ ಮಳೆ ಸುರಿಸಿ 1968ರಲ್ಲಿ ವಾಪಸ್ ಬಂದ, ಮುಂದಿನ ವರ್ಷವೇ ವಿಶ್ವ ಚಾಂಪಿಯನ್.

ಎಲ್ಲರೂ ಕರೆಪತ್ರದಿಂದ ಬಂದವರು ಅನ್ನಬೇಡಿ. ವ್ಲಾದಿಸ್ಲಾವ್ ತ್ರೆತ್ಯಾಕ್, ವ್ಯಾಚೆಸ್ಲಾವ್ ಫೆತಿಸೊವ್, ವ್ಲಾದಿಮಿರ್ ಕ್ರುತೊವ್ ಮೂವರೂ ಕ್ಲಬ್‌ನ ಸ್ವಂತ ಶಾಲೆಯಲ್ಲಿ ಬೆಳೆದವರು. ಆ ಶಾಲೆ ಇಲ್ಲದೆ ಬರೀ ಕರೆಪತ್ರದಿಂದ 13 ಬರುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಡೈನಮೊ ಮಾಸ್ಕೋಗೆ ಮಾತ್ರ ಒಂದು ರಕ್ಷಾಕವಚ ಇತ್ತು. ಅದು ಗೃಹ ಇಲಾಖೆ ಮತ್ತು ಕೆಜಿಬಿಯ ಸಂಘ, ಅಲ್ಲಿನ ಸೇವೆಯೂ ಲೆಕ್ಕಕ್ಕೆ ಬರುತ್ತಿತ್ತು. ಅಲೆಕ್ಸಾಂಡರ್ ಮಾಲ್ತ್ಸೆವ್ ಕೊನೆವರೆಗೂ ಡೈನಮೊದಲ್ಲೇ ಉಳಿದದ್ದು ಆ ನೆರಳಿನಲ್ಲಿ. ಸ್ಪಾರ್ಟಕ್ ಕಾರ್ಮಿಕ ಸಂಘಗಳ ಕ್ಲಬ್, ಅದಕ್ಕೆ ಇಂಥ ನೆರಳಿಲ್ಲ. ಆದರೂ 1962, 1967, 1969, 1976ರಲ್ಲಿ ಗೆದ್ದಿತು, ಅದನ್ನು ಮೆಚ್ಚಲೇಬೇಕು.

ನೀಲಿಗೆರೆ:

ಮೇಲಿನದಕ್ಕೆ ಒಂದು ತಿದ್ದುಪಡಿಯಂಥ ಸೇರ್ಪಡೆ. 13 ಪ್ರಶಸ್ತಿಯನ್ನೂ ಕೋಚ್ ವಿಕ್ಟರ್ ತಿಖೊನೊವ್ ಲೆಕ್ಕಕ್ಕೆ ಬರೆಯುವವರಿದ್ದಾರೆ. 1976-77ರ ಸೀಸನ್ ಕೋಚ್ ಕೊನ್‌ಸ್ತಾಂತಿನ್ ಲೊಕ್ತೆವ್. ತಿಖೊನೊವ್ ಡೈನಮೊ ರೀಗಾದಿಂದ ಬಂದದ್ದು 1977ರ ಬೇಸಿಗೆಯಲ್ಲಿ. ಅಂದರೆ 1 + 12.

ಈಗ ಮಂಜಿನ ಮೇಲಿನ ಆಟಕ್ಕೆ. ಮೂರು ಸಂಗತಿ ಇವೆ, ಆದರೆ ತೂಕ ಒಂದೇ ಅಲ್ಲ.

ಎಲ್ಲಕ್ಕಿಂತ ದೊಡ್ಡದು ಐವರ ಘಟಕ. ಎನ್‌ಎಚ್‌ಎಲ್‌ನಲ್ಲಿ (ಉತ್ತರ ಅಮೆರಿಕದ ವೃತ್ತಿಪರ ಲೀಗ್) ಮೂವರು ಫಾರ್ವರ್ಡ್‌ಗಳ ಲೈನ್ ಒಂದು, ಇಬ್ಬರು ಡಿಫೆನ್ಸ್‌ಮನ್‌ಗಳ ಜೋಡಿ ಇನ್ನೊಂದು. ಎರಡೂ ಬೇರೆ ಬೇರೆ ಹೊತ್ತಿಗೆ ಇಳಿಯುತ್ತವೆ, ಏರುತ್ತವೆ. ಸಿಎಸ್‌ಕೆಎಯಲ್ಲಿ ಐದೂ ಜನ ಒಟ್ಟಿಗೆ ಇಳಿದು ಒಟ್ಟಿಗೆ ಏರುತ್ತಿದ್ದರು, ವರ್ಷಗಟ್ಟಲೆ ಅದೇ ಐದು ಜನ. ಕ್ರುತೊವ್, ಲರಿಯೊನೊವ್, ಮಕರೊವ್ ಮುಂದೆ. ಫೆತಿಸೊವ್, ಕಸತೊನೊವ್ ಹಿಂದೆ. ಫೆತಿಸೊವ್ ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ಹಿಡಿದು ನೀಲಿಗೆರೆ (ಅಂಗಣವನ್ನು ಮೂರು ವಲಯವಾಗಿ ಹಂಚುವ ಎರಡು ಗೆರೆಗಳಲ್ಲೊಂದು) ದಾಟಿದರೆ ಅವನ ಜಾಗಕ್ಕೆ ಯಾರು ಬರಬೇಕು ಅಂತ ಯಾರೂ ಕೂಗಬೇಕಿರಲಿಲ್ಲ, ಫಾರ್ವರ್ಡ್ ಒಬ್ಬ ಆಗಲೇ ಹಿಂದೆ ಸರಿದಿರುತ್ತಿದ್ದ.

ಇದರ ಬೇರು ತಾರಾಸೊವ್. ಪಾತ್ರಗಳನ್ನೇ ಅವನು ಬದಲಿಸಿ ನೋಡಿದ: ಹಿಂದೆ ಒಬ್ಬನೇ ಸ್ಟಾಪರ್, ಮಧ್ಯೆ ಇಬ್ಬರು ಹಾಫ್‌ಬ್ಯಾಕ್, ಮುಂದೆ ಇಬ್ಬರು. 1970ರ ದಶಕದ ಆರಂಭದಲ್ಲಿ ಅಲೆಕ್ಸಾಂಡರ್ ರಗುಲಿನ್ ಸ್ಟಾಪರ್, ತ್ಸಿಗಾಂಕೊವ್ ಜತೆ ಫಿರ್ಸೊವ್ ಹಾಫ್‌ಬ್ಯಾಕ್, ಮುಂದೆ ವಿಕುಲೊವ್ ಮತ್ತು ಖರ್ಲಾಮೊವ್. ಲೀಗ್‌ನ ಅತ್ಯುತ್ತಮ ಗೋಲುಗಾರರಲ್ಲಿ ಒಬ್ಬನಾದ ಫಿರ್ಸೊವ್‌ನನ್ನು ಹಿಂದಕ್ಕೆ ಎಳೆಯುವ ಧೈರ್ಯ ಬೇರೆ ಯಾರಿಗಿತ್ತು ಹೇಳಿ.

ಎರಡನೆಯದು ಪಕ್ ವಾಪಸ್ ಒಯ್ಯುವುದು. ಎದುರಾಳಿ ತನ್ನ ನೀಲಿಗೆರೆಯ ಮೇಲೆ ಸಾಲು ಕಟ್ಟಿ ನಿಂತರೆ ಕೆನಡಾದವರು ಪಕ್ ಅನ್ನು ಮೂಲೆಗೆ ಎಸೆದು ಬೆನ್ನಟ್ಟುತ್ತಿದ್ದರು. ಇವರು ಮಧ್ಯವಲಯಕ್ಕೆ ತಿರುಗಿಸಿ, ಅಡ್ಡಕ್ಕೆ ಪಾಸ್ ಕೊಟ್ಟು, ಬೇರೆ ಕಡೆಯಿಂದ ವೇಗ ಪಡೆದು ಮತ್ತೆ ಒಳನುಗ್ಗುತ್ತಿದ್ದರು. ಕಾರಣ ಎರಡು. ಆಗಿನ ಅಂತರರಾಷ್ಟ್ರೀಯ ರಿಂಕ್ (ಆಟದ ಮಂಜಿನ ಅಂಗಣ) 30 ಮೀಟರ್ ಅಗಲ, ಎನ್‌ಎಚ್‌ಎಲ್ ರಿಂಕ್ 26 ಮೀಟರ್‌ಗೂ ಚೂರು ಕಡಿಮೆ; ಆ ನಾಲ್ಕು ಮೀಟರಿನಲ್ಲಿ ಅಡ್ಡ ಪಾಸ್‌ಗೆ ಜಾಗ ಸಿಗುತ್ತದೆ. ಜತೆಗೆ ಆಗ ಎರಡು ಗೆರೆ ದಾಟುವ ಪಾಸ್‌ಗೆ ಅನುಮತಿ ಇರಲಿಲ್ಲ, ಅಂತರರಾಷ್ಟ್ರೀಯ ಹಾಕಿ ಆ ನಿಯಮ ತೆಗೆದದ್ದು 1998ರಲ್ಲಿ. ತನ್ನ ವಲಯದಿಂದ ರಿಂಕ್ ನಟ್ಟನಡುವಿನ ಕೆಂಪುಗೆರೆಯಾಚೆಗೆ ಒಂದೇ ಉದ್ದನೆಯ ಪಾಸ್ ಕೊಡುವಂತಿಲ್ಲ ಅಂದಮೇಲೆ ಸಣ್ಣ ಪಾಸ್‌ಗಳ ಸರಣಿಯನ್ನೇ ಪಳಗಿಸಬೇಕು.

ಮೂರನೆಯದು ತಿಖೊನೊವ್ ರೀಗಾದಿಂದ ತಂದ ನಾಲ್ಕು ಘಟಕಗಳ ಸುತ್ತು. 60 ನಿಮಿಷದ ಆಟವನ್ನು ಮೂರು ಘಟಕ ಹಂಚಿಕೊಂಡರೆ ತಲಾ 20 ನಿಮಿಷ, ನಾಲ್ಕಾದರೆ 15. ಶಿಫ್ಟ್ (ಒಮ್ಮೆ ಮಂಜಿಗಿಳಿದು ಏರುವವರೆಗಿನ ಹೊತ್ತು) 40 ಸೆಕೆಂಡಿನದಾದರೆ 30 ಶಿಫ್ಟ್ ಬದಲು ಸುಮಾರು 22. ಮೂರನೇ, ಅಂದರೆ ಕೊನೆಯ 20 ನಿಮಿಷದ ಪೀರಿಯಡ್‌ನಲ್ಲಿ ಎದುರಾಳಿಯ ಕಾಲು ಸೋತಿರುವಾಗ ಇವರದ್ದು ಇನ್ನೂ ಮೊದಲ ಪೀರಿಯಡ್‌ನ ವೇಗ. ಇದು ನಡೆಯಬೇಕಾದರೆ ನಾಲ್ಕನೇ ಘಟಕವೂ ಗೋಲು ಬಿಟ್ಟುಕೊಡದಷ್ಟು ಗಟ್ಟಿ ಇರಬೇಕು. ಹಾಗಿಲ್ಲದಿದ್ದರೆ ಎದುರಾಳಿ ತನ್ನ ಮೊದಲ ಲೈನನ್ನು ಅದರ ಮೇಲೇ ಬಿಡುತ್ತಾನೆ, ಇಡೀ ಲೆಕ್ಕ ಮಗುಚುತ್ತದೆ. ಉಳಿದ ಕ್ಲಬ್‌ಗಳಲ್ಲಿ ನಾಲ್ಕನೇ ಘಟಕಕ್ಕೆ ಅಷ್ಟು ಆಳುಗಳೇ ಇರಲಿಲ್ಲ. ಇಲ್ಲಿಗೆ ಮತ್ತೆ ಕರೆಪತ್ರದ ವಿಷಯ ಬಂದು ಕೂಡುತ್ತದೆ.

ಇದನ್ನೆಲ್ಲ ಪಳಗಿಸಿದ ಜಾಗ ಅರ್ಖಾಂಗೆಲ್ಸ್ಕೊಯೆ ಶಿಬಿರ. ಮದುವೆಯಾಗಿ ಮಕ್ಕಳಿರುವ ಆಟಗಾರರೂ ವರ್ಷದ 10-11 ತಿಂಗಳು ಅಲ್ಲೇ. ತ್ರೆತ್ಯಾಕ್ 1984ರಲ್ಲಿ 32ನೇ ವಯಸ್ಸಿಗೇ ನಿವೃತ್ತನಾದದ್ದಕ್ಕೆ ಕಾರಣ ಇದೇ: ಪಂದ್ಯಗಳ ನಡುವೆ ಮನೆಯಲ್ಲಿದ್ದು ತಯಾರಿ ಮಾಡಿಕೊಳ್ಳುತ್ತೇನೆ ಅಂದ, ತಿಖೊನೊವ್ ಒಪ್ಪಲಿಲ್ಲ. ಜಗತ್ತಿನ ಅತ್ಯುತ್ತಮ ಗೋಲಿಯನ್ನು (ಗೋಲ್‌ಕೀಪರ್) ಒಂದು ಹಾಸಿಗೆಯ ನಿಯಮಕ್ಕಾಗಿ ಕಳೆದುಕೊಂಡ ಹಾಗಾಯಿತು.

ಪಕ್_ಪುರಾಣ:

ಇಬ್ಬರಿಗೂ ಥ್ಯಾಂಕ್ಸ್. ಈ ಪದ್ಧತಿ ಅಷ್ಟು ಗಟ್ಟಿಯಿದ್ದರೆ 1976ರ ಜನವರಿಯಲ್ಲಿ ಉತ್ತರ ಅಮೆರಿಕ ಪ್ರವಾಸದಲ್ಲಿ ಎನ್‌ಎಚ್‌ಎಲ್‌ನ ಫಿಲಡೆಲ್ಫಿಯಾ ಫ್ಲೈಯರ್ಸ್ ಎದುರು 4-1 ಸೋತದ್ದು ಯಾಕೆ? ಬರೀ ಹೊಡೆದಾಟ ಅನ್ನುತ್ತಾರೆ.

ನೀಲಿಗೆರೆ:

ಹೊಡೆತ ಇತ್ತು, ಆದರೆ ಸೋಲಿಗೆ ಅದೊಂದೇ ಕಾರಣ ಅಂದರೆ ಫ್ಲೈಯರ್ಸ್ ಕೋಚ್ ಫ್ರೆಡ್ ಶೆರೊಗೆ ಅನ್ಯಾಯ. ಆತ ತಾರಾಸೊವ್‌ನ ವಿಧಾನಗಳನ್ನು ಕೂತು ಓದಿದ್ದವನು, 1974ರಲ್ಲಿ ಮಾಸ್ಕೋಗೇ ಹೋಗಿ ಬಂದಿದ್ದವನು.

ಅವನ ಆಜ್ಞೆ ಸರಳ: ಪಕ್ ಹಿಂದೆ ಓಡಬೇಡಿ. ಸೋವಿಯತ್ ಆಟಗಾರ ಮಧ್ಯವಲಯದಲ್ಲಿ ಹಿಂದೆ ತಿರುಗಿದಾಗ ಕೆನಡಾದ ಆಟಗಾರ ಬೆನ್ನಟ್ಟಿದರೆ ಹಿಂದೆ ಜಾಗ ಖಾಲಿಯಾಗುತ್ತದೆ, ಪಾಸ್ ಹೋಗುವುದೇ ಅಲ್ಲಿಗೆ. ಶೆರೊ ನಾಲ್ವರನ್ನು ತನ್ನ ನೀಲಿಗೆರೆಯ ಮೇಲೆ ನಿಲ್ಲಿಸಿದ. ಪಕ್ ಎಷ್ಟು ಸುತ್ತಿದರೂ ಅವರು ಕದಲಲಿಲ್ಲ. ಕಿರಿದಾದ ರಿಂಕ್‌ನಲ್ಲಿ ನಾಲ್ವರು ನಿಂತರೆ ಸಂದು ಉಳಿಯುವುದಿಲ್ಲ; ಒಳಗೆ ಬಂದವನಿಗೆ ಭುಜದ ಪೆಟ್ಟು. ಎಡ್ ವ್ಯಾನ್ ಇಂಪ್ ಖರ್ಲಾಮೊವ್‌ನನ್ನು ಬೀಳಿಸಿದಾಗ ದಂಡನೆ ಕೊಡಲಿಲ್ಲ ಅಂತ ಲೊಕ್ತೆವ್ ಮೊದಲ ಪೀರಿಯಡ್‌ನಲ್ಲೇ ತಂಡವನ್ನು ಮಂಜಿನಿಂದ ಎಬ್ಬಿಸಿಕೊಂಡು ಹೋದ, ಕಾಲು ಗಂಟೆಗೂ ಮೀರಿ ಆಟ ನಿಂತಿತು. ಹೊತ್ತು ಹೋದದ್ದು ಅಷ್ಟೇ ಅಲ್ಲ, ಲಯವೂ ಹೋಯಿತು. ಇಡೀ ಪಂದ್ಯದಲ್ಲಿ ಗೋಲಿನತ್ತ ಹೊಡೆತ: ಫ್ಲೈಯರ್ಸ್ 49, ಸಿಎಸ್‌ಕೆಎ 13.

ಹೊಡೆತಗಳ ಲೆಕ್ಕ ಒಂದನ್ನೇ ನಂಬಬೇಡಿ ಅನ್ನುವುದಕ್ಕೆ ಅದೇ ಪ್ರವಾಸದಲ್ಲಿ ಇನ್ನೊಂದು ಪಂದ್ಯವಿದೆ. 1975ರ ಡಿಸೆಂಬರ್ 31, ಮಾಂಟ್ರಿಯಲ್. ಅಲ್ಲಿಯೂ ಸಿಎಸ್‌ಕೆಎ ಹೊಡೆದದ್ದು 13, ಕೆನಡಿಯೆನ್ಸ್ 38. ಫಲಿತಾಂಶ 3-3. ತ್ರೆತ್ಯಾಕ್ 35 ತಡೆದ. ಆ ಪ್ರವಾಸದ ಉಳಿದೆರಡು ಪಂದ್ಯ ಇವರದ್ದೇ: ರೇಂಜರ್ಸ್ ಎದುರು 7-3, ಬಾಸ್ಟನ್ ಎದುರು 5-2. ಅಂದಹಾಗೆ ಈ ಪ್ರವಾಸಕ್ಕೆ ಡೈನಮೊದಿಂದ ಮಾಲ್ತ್ಸೆವ್, ವಾಸಿಲ್ಯೆವ್ ಇಬ್ಬರನ್ನು ಎರವಲು ತಂದಿದ್ದರು, ಹಾಗಾಗಿ ಇದನ್ನು ಅಪ್ಪಟ ಕ್ಲಬ್ ಪ್ರವಾಸ ಅನ್ನುವುದು ಅರ್ಧ ಸತ್ಯ.

ತಂಡ ಎಬ್ಬಿಸಿಕೊಂಡು ಹೋಗುವುದು ಈ ಕ್ಲಬ್‌ಗೆ ಹೊಸದೂ ಅಲ್ಲ. 1969ರ ಮೇ 11, ಸ್ಪಾರ್ಟಕ್ ಎದುರು ಸಿಎಸ್‌ಕೆಎಯ ಪೆತ್ರೊವ್ ಹೊಡೆದ ಗೋಲನ್ನು ಗಡಿಯಾರದ ತಕರಾರಿನಿಂದ ತಳ್ಳಿಹಾಕಿದಾಗ ತಾರಾಸೊವ್ ಹೀಗೇ ಮಾಡಿದ. ಕ್ರೀಡಾಂಗಣದಲ್ಲಿ ಸೋವಿಯತ್ ನಾಯಕ ಬ್ರೆಝ್ನೆವ್ ಕೂತಿದ್ದ. ಪಂದ್ಯವನ್ನೂ ಪ್ರಶಸ್ತಿಯನ್ನೂ ಸ್ಪಾರ್ಟಕ್ ಗೆದ್ದಿತು, ತಾರಾಸೊವ್‌ಗೆ ಸಿಕ್ಕಿದ್ದ ಗೌರವ ಕೋಚ್ ಪದವಿಯನ್ನು ಕಿತ್ತುಕೊಂಡು ಆಮೇಲೆ ಮರಳಿಸಿದರು.

ಬಾಲ್ಕನಿ_ಬ್ಲಾಕ್:

ಕುಸಿತದ ಭಾಗ ಯಾರೂ ಮುಟ್ಟಿಲ್ಲ, ಬರೆಯುತ್ತೇನೆ.

ಮೊದಲು ಬೀಗ ಒಡೆಯಿತು. 1988ರ ಅಕ್ಟೋಬರ್‌ನಲ್ಲಿ ಲರಿಯೊನೊವ್ ಒಗೊನ್ಯೊಕ್ ಪತ್ರಿಕೆಯಲ್ಲಿ ತಿಖೊನೊವ್‌ಗೆ ಬಹಿರಂಗ ಪತ್ರ ಬರೆದು ಶಿಬಿರದ ಜೀವನವನ್ನು ಬಿಚ್ಚಿಟ್ಟ. ಎನ್‌ಎಚ್‌ಎಲ್‌ಗೆ ಹೋಗಲು ಸೇನೆಯಿಂದ ಬಿಡುಗಡೆ ಪಡೆಯಲು ಫೆತಿಸೊವ್ ತಿಂಗಳುಗಟ್ಟಲೆ ಗುದ್ದಾಡಿದ. 1989ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ವಿಶ್ವ ಚಾಂಪಿಯನ್‌ಷಿಪ್ ಮುಗಿಯುತ್ತಲೇ ಅಲೆಕ್ಸಾಂಡರ್ ಮೊಗಿಲ್ನಿ ಬಫಲೋಗೆ ಪರಾರಿ. ಅವನಿಗೆ ಅಧಿಕಾರಿಯ ಹುದ್ದೆ ಕೊಟ್ಟಿದ್ದರಿಂದ ಅದು ಸೇನೆ ತೊರೆದ ಅಪರಾಧವಾಯಿತು. ಅದೇ ವರ್ಷ ಲರಿಯೊನೊವ್, ಕ್ರುತೊವ್ ವ್ಯಾಂಕೂವರ್‌ಗೆ, ಮಕರೊವ್ ಕ್ಯಾಲ್ಗರಿಗೆ, ಫೆತಿಸೊವ್, ಹಿಂದೆಯೇ ಕಸತೊನೊವ್ ನ್ಯೂಜೆರ್ಸಿಗೆ. ಐವರ ಘಟಕ ಒಂದೇ ವರ್ಷದಲ್ಲಿ ಖಾಲಿ. 1990ರಲ್ಲಿ ಸೆರ್ಗೇಯ್ ಫೆದೊರೊವ್ ಡೆಟ್ರಾಯಿಟ್‌ಗೆ, 1991ರಲ್ಲಿ ಪಾವೆಲ್ ಬುರೆ ವ್ಯಾಂಕೂವರ್‌ಗೆ. ಮೊಗಿಲ್ನಿ, ಫೆದೊರೊವ್, ಬುರೆ ಮೂವರು ಒಂದೇ ಲೈನಿನಲ್ಲಿ ಆಡಬೇಕಾದ ಮುಂದಿನ ಪೀಳಿಗೆ. ತಾರೆಗಳು ಹೋದದ್ದಕ್ಕಿಂತ ಈ ಬದಲಿಗಳು ಹೋದದ್ದೇ ಮಾರಣಾಂತಿಕ ಪೆಟ್ಟು. 1990ರ ಪ್ರಶಸ್ತಿ ಡೈನಮೊ ಪಾಲಾಯಿತು.

ಆಮೇಲೆ ದುಡ್ಡು. ಸೋವಿಯತ್ ಒಕ್ಕೂಟ ಹೋದಮೇಲೆ ಸೇನೆಗೇ ಸಂಬಳ ಕೊಡಲು ಕಷ್ಟ, ಹಾಕಿ ಎಲ್ಲಿಂದ. 1993ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಮಾಲೀಕರು ಪಾಲುದಾರರಾಗಿ ಬಂದರು, ಕೆಂಪು ಸೇನೆಯ ಜೆರ್ಸಿಯ ಮೇಲೆ ಪೆಂಗ್ವಿನ್ ಚಿತ್ರ ಬಂತು. ಜನ ಬಂದರು, ಆದರೆ ಒಪ್ಪಂದ ಬಾಳಲಿಲ್ಲ. 1996ರಲ್ಲಿ ತಿಖೊನೊವ್‌ಗೂ ಸೇನಾ ಆಡಳಿತಕ್ಕೂ ಜಗಳವಾಗಿ ಕ್ಲಬ್ ಎರಡು ಹೋಳು. ಎರಡೂ ತಾನೇ ನಿಜವಾದ ಸಿಎಸ್‌ಕೆಎ ಅನ್ನುತ್ತಿತ್ತು. ಒಂದಾದದ್ದು 2002ರಲ್ಲಿ. ಆ ಆರು ವರ್ಷದ ಅಂಕಿಅಂಶ ಹುಡುಕುವವರು ಯಾವ ಸಿಎಸ್‌ಕೆಎ ಅಂತ ಪ್ರತಿ ಸಾಲಿಗೂ ನೋಡಿಕೊಳ್ಳಬೇಕು, ಇಲ್ಲವಾದರೆ ಎರಡು ತಂಡದ ಗೋಲು ಒಂದೇ ಖಾತೆಗೆ ಬೀಳುತ್ತದೆ.

ಮೇಲೆದ್ದದ್ದು 2010ರ ದಶಕದಲ್ಲಿ, ರೋಸ್‌ನೆಫ್ಟ್ ತೈಲ ಕಂಪನಿಯ ಬೆಂಬಲದಿಂದ. ಅಲೆಕ್ಸಾಂಡರ್ ರಾಡುಲೊವ್ ಬಂದ, ಗೋಲಿ ಇಲ್ಯಾ ಸೊರೊಕಿನ್ ಬಂದ, 2017ರಲ್ಲಿ ಕಿರಿಲ್ ಕಪ್ರಿಝೊವ್ ಬಂದ. ಆದರೂ ಪ್ಲೇಆಫ್‌ನಲ್ಲಿ ಜಾರುತ್ತಲೇ ಇದ್ದರು. 2015ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ (ಹಳೇ ಲೆನಿನ್‌ಗ್ರಾಡ್) ಎಸ್‌ಕೆಎ ಎದುರು ಏಳು ಪಂದ್ಯಗಳ ಸರಣಿಯಲ್ಲಿ 3-0 ಮುಂದಿದ್ದು 4-3 ಸೋಲು. 2016ರ ಫೈನಲ್‌ನಲ್ಲಿ ಮಗ್ನಿತೊಗೊರ್ಸ್ಕ್ ಎದುರು 4-3, 2018ರ ಫೈನಲ್‌ನಲ್ಲಿ ಅಕ್ ಬಾರ್ಸ್ ಎದುರು 4-1. ಇಗೊರ್ ನಿಕಿತಿನ್ ಕೈಯಲ್ಲಿ ರಕ್ಷಣೆ ಬಿಗಿಯಾದ ಮೇಲೆ 2019ರಲ್ಲಿ ಅವನ್‌ಗಾರ್ಡ್ ಎದುರು 4-0, ಮೊದಲ ಗಗಾರಿನ್ ಕಪ್ (ರಷ್ಯಾದ ಈಗಿನ ಲೀಗ್ ಕೆಎಚ್‌ಎಲ್‌ನ ಟ್ರೋಫಿ). ಕೋಚ್ ಆಗಿ ಮರಳಿದ ಫೆದೊರೊವ್ 2022ರಲ್ಲಿ ಮಗ್ನಿತೊಗೊರ್ಸ್ಕ್ ಎದುರು 3-1 ಹಿಂದಿದ್ದ ಫೈನಲನ್ನು 4-3ಕ್ಕೆ ತಿರುಗಿಸಿದ. 2023ರಲ್ಲಿ ಅಕ್ ಬಾರ್ಸ್ ಎದುರು ಮತ್ತೆ 4-3.

ಕರೆಪತ್ರ ಹಳೇ ಕತೆ ಅಂತ ತಿಳಿಯಬೇಡಿ. 2022ರ ಕಪ್ ಗೆಲ್ಲಿಸಿದ ಗೋಲಿ ಇವಾನ್ ಫೆದೊತೊವ್ ಫಿಲಡೆಲ್ಫಿಯಾ ಜತೆ ಸಹಿ ಹಾಕಿದ. ಜುಲೈ 1ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವನನ್ನು ಹಿಡಿದು ಸೈನಿಕ ಸೇವೆಗೆ ಉತ್ತರ ರಷ್ಯಾಗೆ ಕಳಿಸಿದರು. ಸೇವೆ ಮುಗಿದ ಮೇಲೆ ಸಿಎಸ್‌ಕೆಎ ತನ್ನ ಜತೆಗಿನ ಒಪ್ಪಂದ ತೋರಿಸಿತು. 2023ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಆಟಗಾರನಿಗೆ 4 ತಿಂಗಳು, ಕ್ಲಬ್‌ನ ಅಂತರರಾಷ್ಟ್ರೀಯ ವರ್ಗಾವಣೆಗೆ 1 ವರ್ಷ ನಿಷೇಧ ಹಾಕಿತು. ರಷ್ಯಾದ ಲೀಗ್ ಅವನನ್ನು ಆಡಿಸಿತು. ಕೊನೆಗೆ 2024ರ ಮಾರ್ಚ್‌ನಲ್ಲಿ ಬಿಟ್ಟುಕೊಟ್ಟರು.

ಚಳಿಗಾಲದ_ಲೀಗ್:

ಉಳಿದದ್ದು ಲೆಕ್ಕದ ಪ್ರಶ್ನೆ. ಮೂರೂ ಸಂಖ್ಯೆ ಸರಿ, ಎಣಿಸುತ್ತಿರುವ ವಸ್ತು ಬೇರೆ.

32 ಅಂದರೆ ಸೋವಿಯತ್ ಲೀಗ್. ಬೆರಳು ಮಡಚಿ: 1948-50 (3), 1955-56 (2), 1958-61 (4), 1963-66 (4), 1968 (1), 1970-73 (4), 1975 (1), 1977-89 (13). 3 ಅಂದರೆ ಗಗಾರಿನ್ ಕಪ್. 37 ಬರುವುದು ರಷ್ಯಾ ಚಾಂಪಿಯನ್ ಬಿರುದುಗಳನ್ನು 32ಕ್ಕೆ ಸೇರಿಸಿದಾಗ: 2015, 2019, 2020, 2022, 2023. ಎಡವುವುದು 2015 ಮತ್ತು 2020ರಲ್ಲಿ. 2015ರಲ್ಲಿ ಬಿರುದನ್ನು ಲೀಗ್ ಹಂತದ ಅಗ್ರಸ್ಥಾನಿಗೆ ಕೊಟ್ಟರು, ಕಪ್ ಮಾತ್ರ ಎಸ್‌ಕೆಎ ಎತ್ತಿತು. 2020ರಲ್ಲಿ ಕೊರೊನಾದಿಂದ ಪ್ಲೇಆಫ್ ನಿಂತು ಕಪ್ ಯಾರಿಗೂ ಸಿಗಲಿಲ್ಲ, ಬಿರುದು ಸಿಎಸ್‌ಕೆಎಗೆ ಬಂತು. ಯುರೋಪಿಯನ್ ಕಪ್ 20 ಬೇರೆಯೇ ಖಾತೆ, ಅದನ್ನು ಇದಕ್ಕೆ ಕೂಡಿಸಬೇಡಿ.

ಹಳೇ ಪಟ್ಟಿ ತೆರೆದಾಗ ಹೆಸರು ಕಾಣದಿದ್ದರೆ ಗಾಬರಿ ಬೇಡ: 1946ರಲ್ಲಿ ಶುರುವಾದಾಗ ಸಿಡಿಕೆಎ, 1950ರ ದಶಕದ ಆರಂಭದಲ್ಲಿ ಸಿಡಿಎಸ್‌ಎ, 1955ರಿಂದ ಸಿಎಸ್‌ಕೆ ಎಂಒ, 1960ರಿಂದ ಸಿಎಸ್‌ಕೆಎ. ಒಂದೇ ಕ್ಲಬ್. ವಿವಿಎಸ್ ಮಾತ್ರ ಬೇರೆ, ಅದು ಸ್ಟಾಲಿನ್ ಮಗ ವಾಸಿಲಿಯ ವಾಯುಪಡೆ ತಂಡ. 1950ರ ಜನವರಿ 5ರಂದು ಸ್ವೆರ್ದ್‌ಲೊವ್ಸ್ಕ್ ಬಳಿ ವಿಮಾನ ಬಿದ್ದು ಅದರ 11 ಆಟಗಾರರು ಸತ್ತರು, ತಾರಾಸೊವ್‌ನ ತಮ್ಮ ಯೂರಿಯೂ ಅವರಲ್ಲಿ ಒಬ್ಬ. ಅದಕ್ಕೆ ಸ್ವಲ್ಪ ಮೊದಲು ಸಿಡಿಕೆಎ ಬಿಟ್ಟು ಅಲ್ಲಿ ಸೇರಿದ್ದ ವ್ಸೆವೊಲೊದ್ ಬೊಬ್ರೊವ್‌ಗೆ ಆ ವಿಮಾನ ತಪ್ಪಿತ್ತು. ಹೊಸದಾಗಿ ಕಟ್ಟಿದ ಆ ತಂಡ 1951, 1952, 1953ರಲ್ಲಿ ಗೆದ್ದಿತು. ಸ್ಟಾಲಿನ್ ಸತ್ತ ಮೇಲೆ ವಿಸರ್ಜಿಸಿ ಆಟಗಾರರನ್ನು ಸಿಡಿಎಸ್‌ಎಗೆ ಸೇರಿಸಿದರು. ಆ ಮೂರು ಪ್ರಶಸ್ತಿಗಳನ್ನು 32ರೊಳಗೆ ಎಣಿಸಿಲ್ಲ, ಎಣಿಸುವಂತೆಯೂ ಇಲ್ಲ.